ತಿಳಿನೀರಿನಲ್ಲಿ ಕಾಣದ ಕಸ: ಭೂಭರ್ತಿಯ ಸುತ್ತಲಿನ ನೀರು ಮತ್ತು ಮಣ್ಣಿನ ಅನಿಲದ ಪರೀಕ್ಷೆ



ಬೆಳಗಿನ ಜಾವ ಎದ್ದು ಸ್ನಾನ ಮಾಡಿ, ಇಷ್ಟಲಿಂಗಪೂಜೆಗೆಂದು ತುಂಬಿದ ತಂಬಿಗೆಯ ನೀರನ್ನು ನಾವು ಒಮ್ಮೆ ನೋಡುತ್ತೇವೆ. ನೀರು ತಿಳಿಯಾಗಿದ್ದರೆ, ವಾಸನೆ ಇಲ್ಲದಿದ್ದರೆ ಅದು ಶುದ್ಧವೆಂದು ತಿಳಿಯುತ್ತೇವೆ. ನಮ್ಮ ಹಿರಿಯರ ಕಾಲಕ್ಕೆ ಈ ಪರೀಕ್ಷೆ ಬಹುಮಟ್ಟಿಗೆ ಸಾಕಾಗಿತ್ತು. ಆಗ ಊರಿನ ತಿಪ್ಪೆಯಲ್ಲಿ ಇರುತ್ತಿದ್ದುದು ಸಗಣಿ, ಬೂದಿ, ಸೊಪ್ಪು, ಸಿಪ್ಪೆ ಮಾತ್ರ. ಅವೆಲ್ಲವೂ ಒಂದು ವರ್ಷದಲ್ಲಿ ಗೊಬ್ಬರವಾಗಿ ಹೊಲ ಸೇರುತ್ತಿದ್ದವು. ಇಂದಿನ ನಗರದ ತಿಪ್ಪೆಯಲ್ಲಿ ಬ್ಯಾಟರಿ, ಬಣ್ಣದ ಡಬ್ಬಿ, ಅವಧಿ ಮೀರಿದ ಔಷಧ, ಪ್ಲಾಸ್ಟಿಕ್, ಮುರಿದ ಟ್ಯೂಬ್‌ಲೈಟ್ ಎಲ್ಲವೂ ಒಟ್ಟಾಗಿ ಬಿದ್ದಿರುತ್ತವೆ. ಅದರಿಂದ ಇಳಿದ ರಸ ನೆಲದೊಳಗಿನ ನೀರನ್ನು ಸೇರಿದಾಗ ಆ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಆದುದರಿಂದ ಕಣ್ಣು, ಮೂಗು, ನಾಲಗೆಗಳ ಜೊತೆಗೆ ಅಳತೆಯೂ ಬೇಕಾಗಿದೆ. ಆ ಅಳತೆ ಹೇಗೆ ನಡೆಯಬೇಕು, ಅದರ ಫಲವನ್ನು ಸಾಮಾನ್ಯ ಗೃಹಸ್ಥರು ಹೇಗೆ ಓದಬೇಕು ಎಂಬುದೇ ಈ ಸಂಚಿಕೆಯ ಆರೋಗ್ಯ ಪಾಠ.

ಪಾಠಕ್ಕೆ ನೆಲೆಯಾಗಿ ನಮಗೆ ಪರಿಚಿತವಾದ ಕೊಂಡಜ್ಜಿಯನ್ನೇ ತೆಗೆದುಕೊಳ್ಳೋಣ. ಹರಿಹರ ತಾಲ್ಲೂಕಿನ ಈ ಊರಿಗೆ ಗುಡ್ಡಗಳ ಸಾಲಿದೆ, ಅರಣ್ಯವಿದೆ, ದೊಡ್ಡ ಕೆರೆಯಿದೆ. ನಾಡಿನ ನಾನಾ ಕಡೆಯ ಮಕ್ಕಳು ಬಂದು ತಂಗುವ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಕೊಂಡಜ್ಜಿಯ ನೀರು ಕೆಟ್ಟಿದೆ ಎಂದು ಇಲ್ಲಿ ಯಾರೂ ಭಾವಿಸಬಾರದು. ಲೇಖನದ ಉದ್ದೇಶ ಅದಲ್ಲ. ನೀರು ಇನ್ನೂ ಚೆನ್ನಾಗಿರುವಾಗಲೇ ಅದರ ಅಳತೆಯನ್ನು ಬರೆದಿಟ್ಟುಕೊಳ್ಳಬೇಕು ಎಂಬುದೇ ಈ ವಿಷಯದ ಮೊದಲ ಸೂತ್ರ. ದಾವಣಗೆರೆ ನಗರದ ಕಸವು ನಗರದೊಳಗೆ ಉಳಿಯುವುದಿಲ್ಲ. ಅದು ಆವರಗೊಳ್ಳದ ಬಳಿಯ ವಿಲೇವಾರಿ ಘಟಕಕ್ಕೆ ಸಾಗುತ್ತದೆ. ಎಲ್ಲ ನಗರಗಳ ಕಥೆಯೂ ಇದೇ. ಬಿಸಾಡುವವರು ಒಂದು ಕಡೆ, ಅದರ ಪಕ್ಕದಲ್ಲಿ ಬದುಕುವವರು ಇನ್ನೊಂದು ಕಡೆ. ಹೀಗಿರುವಾಗ ಪರೀಕ್ಷೆಯ ಅರಿವು ಹಳ್ಳಿಯವರಿಗೂ ಬೇಕು, ನಗರದವರಿಗೂ ಬೇಕು.

ಕಸದ ರಸ ಹುಟ್ಟುವ ಬಗೆ

ಕಸವನ್ನು ಒಂದು ಗೊತ್ತಾದ ನೆಲದಲ್ಲಿ ಪದರ ಪದರವಾಗಿ ಹರಡಿ, ಒತ್ತಿ, ಮಣ್ಣು ಮುಚ್ಚಿ ಹೂಳುವುದಕ್ಕೆ ಭೂಭರ್ತಿ ಎನ್ನುತ್ತಾರೆ. ಹೀಗೆ ಹೂಳದೆ ಬಯಲಿನಲ್ಲಿ ಸುರಿದರೆ ಅದು ಬರಿಯ ಕಸದ ರಾಶಿ. ಎರಡರಲ್ಲಿಯೂ ಮಳೆಯ ನೀರು ಮೇಲಿನಿಂದ ಇಳಿಯುತ್ತದೆ. ಚಹಾದ ಪುಡಿಯ ಮೇಲೆ ಬಿಸಿನೀರು ಸುರಿದಾಗ ಬಣ್ಣ, ರುಚಿಗಳು ನೀರಿಗಿಳಿಯುವಂತೆ, ಕಸದೊಳಗೆ ಇಳಿದ ನೀರು ಅಲ್ಲಿನ ಲವಣ, ಅಮೋನಿಯಾ, ಕೊಳೆತ ಸಾವಯವ ಪದಾರ್ಥ, ಲೋಹಗಳನ್ನು ಕರಗಿಸಿಕೊಂಡು ತಳಕ್ಕೆ ಬರುತ್ತದೆ. ಈ ಕಪ್ಪು ದ್ರವಕ್ಕೆ ಲೀಚೆಟ್ ಎಂಬ ಹೆಸರಿದೆ. ನಾವು ಇಲ್ಲಿ ಕಸದ ರಸ ಎನ್ನೋಣ.

ಹೊಸ ಕಸದ ರಸ ಹುಳಿಯಾಗಿರುತ್ತದೆ. ಹುಳಿಯ ಗುಣದಿಂದ ಅದು ಲೋಹಗಳನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಹುಳಿ ತಗ್ಗುತ್ತದೆ, ಆದರೆ ಅಮೋನಿಯಾ ಬಹುಕಾಲ ಉಳಿಯುತ್ತದೆ. ಅಂದರೆ ಕಸ ಸುರಿಯುವುದನ್ನು ನಿಲ್ಲಿಸಿದ ದಿನವೇ ಅಪಾಯ ನಿಲ್ಲುವುದಿಲ್ಲ. ರಾಶಿಯ ಮೇಲೆ ಹುಲ್ಲು ಬೆಳೆದು ಹಸಿರಾದ ಮೇಲೂ ಒಳಗಿನ ಕ್ರಿಯೆ ನಡೆಯುತ್ತಲೇ ಇರುತ್ತದೆ.

ನಮ್ಮ ರಾಜ್ಯದ ಎರಡು ಪಾಠಗಳು

ಬೆಂಗಳೂರಿನ ಯಲಹಂಕದ ಸಮೀಪದ ಮಾವಳ್ಳಿಪುರದಲ್ಲಿ ಮಹಾನಗರದ ಕಸವನ್ನು ವರ್ಷಗಳ ಕಾಲ ಹಾಕಲಾಯಿತು. ಸುತ್ತಲಿನ ಗ್ರಾಮಸ್ಥರ ದೀರ್ಘ ಪ್ರತಿಭಟನೆಯ ನಂತರ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ 2012ರಲ್ಲಿ ಅಲ್ಲಿಗೆ ಕಸ ಹೋಗುವುದು ನಿಂತಿತು. ನಿಂತ ಕೆಲವೇ ದಿನಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕಸ ಗುಡ್ಡೆಯಾಯಿತು. ಭಾರ ಮಂಡೂರಿನ ಮೇಲೆ ಬಿತ್ತು. ಅಲ್ಲಿಯೂ ಜನ ಎದ್ದು ನಿಂತ ಮೇಲೆ 2014ರ ಕೊನೆಗೆ ಅದೂ ನಿಂತಿತು. ಮಾವಳ್ಳಿಪುರದ ಕಸದ ರಸವನ್ನೂ, ಹತ್ತಿರದ ಜಲಮೂಲಗಳನ್ನೂ, ಅಂತರ್ಜಲವನ್ನೂ ಸಂಶೋಧಕರು ಪರೀಕ್ಷಿಸಿದಾಗ ರಸದ ಪ್ರಭಾವ ಎರಡು ಬಗೆಯ ನೀರಿನಲ್ಲಿಯೂ ಕಂಡುಬಂದಿತು. ಕಸ ಹಾಕುವುದಕ್ಕೆ ಮೊದಲೇ ಊರಿನ ಪ್ರತಿ ಬಾವಿಯ ಅಳತೆ ಗ್ರಾಮಸ್ಥರ ಕೈಯಲ್ಲಿದ್ದಿದ್ದರೆ ಅವರ ಮಾತಿಗೆ ಎಷ್ಟು ಬಲ ಬರುತ್ತಿತ್ತು ಎಂಬುದನ್ನು ಯೋಚಿಸಬೇಕು.

ಎರಡನೆಯ ಪಾಠ ಮಂಗಳೂರಿನದು. 2019ರ ಆಗಸ್ಟ್ ತಿಂಗಳ ಭಾರೀ ಮಳೆಯಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರ ಪ್ರದೇಶಕ್ಕೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಕಸದಲ್ಲಿ ಹೂತುಹೋದವು. ಹಲವು ಕುಟುಂಬಗಳು ಮನೆಗಳನ್ನು ಬಿಟ್ಟು ಹೊರಡಬೇಕಾಯಿತು. ಬಾವಿಗಳು ಬಳಕೆಗೆ ಬಾರದಂತಾದವು. ಕಸದ ರಸ ತೋಡುಗಳ ಮೂಲಕ ಫಲ್ಗುಣಿ ನದಿಯತ್ತ ಹರಿದು, ನದಿಯ ನೀರನ್ನು ಆಶ್ರಯಿಸಿದ್ದವರೆಲ್ಲರೂ ಚಿಂತಿಸಬೇಕಾಯಿತು. ವಿಷಯ ಉಚ್ಚ ನ್ಯಾಯಾಲಯದವರೆಗೂ ಹೋಯಿತು.

ಮಾವಳ್ಳಿಪುರದಲ್ಲಿ ರಸ ನಿಧಾನವಾಗಿ ಇಳಿಯಿತು, ಪಚ್ಚನಾಡಿಯಲ್ಲಿ ಗುಡ್ಡವೇ ಹರಿಯಿತು. ಎರಡು ಕಡೆಯೂ ನೆಲ, ನೀರು, ಮನೆ ಎಂದು ಬಾಳಿದವರೇ ಬೆಲೆ ತೆತ್ತರು.

ನಿಯಮಗಳು ಹೇಳುವುದು

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟ ಅಳತೆಗಳನ್ನು ಕೊಟ್ಟವು. ಭೂಭರ್ತಿಯು ನದಿಯಿಂದ 100 ಮೀಟರ್, ಕೆರೆಯಿಂದ 200 ಮೀಟರ್, ಜನವಸತಿ ಹಾಗೂ ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕು. ತಳದಲ್ಲಿ 90 ಸೆಂಟಿಮೀಟರ್ ದಪ್ಪದ ಜೇಡಿಮಣ್ಣಿನ ಹಾಸು, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಗಟ್ಟಿ ಪ್ಲಾಸ್ಟಿಕ್ ಹಾಳೆ ಇರಬೇಕು. ಅಂತರ್ಜಲದ ಅತಿ ಎತ್ತರದ ಮಟ್ಟವು ಆ ಜೇಡಿಹಾಸಿನ ತಳಕ್ಕಿಂತ ಕನಿಷ್ಠ 2 ಮೀಟರ್ ಕೆಳಗಿರಬೇಕು. ಪ್ರತಿದಿನದ ಕಸದ ಮೇಲೆ 10 ಸೆಂಟಿಮೀಟರ್ ಮಣ್ಣು ಮುಚ್ಚಬೇಕು; ಮಳೆಗಾಲಕ್ಕೆ ಮುನ್ನ ಇನ್ನೂ ದಪ್ಪನಾದ ಹೊದಿಕೆ ಬೇಕು.

ನಮ್ಮ ವಿಷಯಕ್ಕೆ ಮುಖ್ಯವಾದವು ಮುಂದಿನ ಮೂರು. ಘಟಕ ಆರಂಭಿಸುವ ಮೊದಲೇ ಆ ಸ್ಥಳದ ಅಂತರ್ಜಲದ ಗುಣವನ್ನು ಅಳೆದು ದಾಖಲಿಸಬೇಕು. ಘಟಕದ ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆ, ಮಳೆಗಾಲ, ಮಳೆಯ ನಂತರದ ಕಾಲ ಹೀಗೆ ಮೂರು ಋತುಗಳಲ್ಲಿಯೂ ಪರೀಕ್ಷಿಸುತ್ತಿರಬೇಕು. ಘಟಕ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ನಿಗಾ ಮುಂದುವರಿಯಬೇಕು. ಇಂದು ಹುಟ್ಟಿದ ಕೂಸು ಪ್ರೌಢಶಾಲೆ ಮುಗಿಸುವವರೆಗಿನ ಕಾಲ ಅದು.

ಅಂತರ್ಜಲವನ್ನು ಅಳೆಯುವುದು

ನೆಲದೊಳಗಿನ ನೀರು ನಿಂತ ನೀರಲ್ಲ. ಅದೂ ಇಳಿಜಾರಿನತ್ತ ನಿಧಾನವಾಗಿ ಸರಿಯುತ್ತದೆ. ಆದ್ದರಿಂದ ಕಸದ ನೆಲೆಗೆ ನೀರು ಬರುವ ಕಡೆ ಒಂದು ಬಾವಿ, ನೀರು ಹೊರಡುವ ಕಡೆ ಎರಡು ಮೂರು ಬಾವಿ ಬೇಕು. ಮೊದಲನೆಯದನ್ನು ಮೇಲ್ಬದಿಯ ಬಾವಿ, ಉಳಿದವನ್ನು ಕೆಳಬದಿಯ ಬಾವಿಗಳು ಎನ್ನಬಹುದು. ನೀರು ಸರಿಯುವ ದಿಕ್ಕನ್ನು ಊಹೆಯಿಂದ ಹೇಳಬಾರದು. ಕನಿಷ್ಠ ಮೂರು ಬಾವಿಗಳಲ್ಲಿ ನೀರಿನ ಮಟ್ಟವನ್ನು ಒಂದೇ ದಿನ ಅಳೆದು ಹೋಲಿಸಿದರೆ ದಿಕ್ಕು ತಿಳಿಯುತ್ತದೆ.

ನಮ್ಮ ಸೀಮೆಯಲ್ಲಿ ಎರಡು ವಿಶೇಷಗಳಿವೆ. ಒಂದು, ಇಲ್ಲಿಯದು ಗಟ್ಟಿ ಕಲ್ಲಿನ ನೆಲ. ಮರಳಿನ ನೆಲದಲ್ಲಿ ನೀರು ಎಲ್ಲ ಕಡೆ ಹರಡಿಕೊಂಡಿರುತ್ತದೆ. ಕಲ್ಲಿನ ನೆಲದಲ್ಲಿ ಅದು ಮೇಲಿನ ಶಿಥಿಲ ಪದರದಲ್ಲಿಯೂ, ಕೆಳಗಿನ ಬಂಡೆಯ ಸೀಳುಗಳಲ್ಲಿಯೂ ಇರುತ್ತದೆ. ಸೀಳು ಯಾವ ಕಡೆಗೆ ಹೋಗಿದೆಯೋ ನೀರೂ ಅತ್ತ ಹೋಗುತ್ತದೆ. ಹೀಗಾಗಿ ಪಕ್ಕದ ಕೊಳವೆಬಾವಿ ಚೆನ್ನಾಗಿದ್ದು, ಅದಕ್ಕಿಂತ ದೂರದ್ದು ಕೆಟ್ಟಿರಬಹುದು. ನಮ್ಮ ಬಾವಿ ದೂರದಲ್ಲಿದೆ ಎಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಬಾರದು. ಎರಡು, ದಾವಣಗೆರೆ, ಹರಿಹರ ತಾಲ್ಲೂಕುಗಳ ಭದ್ರಾ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬಿಟ್ಟಾಗ ಗದ್ದೆಗಳ ಕೆಳಗಿನ ಅಂತರ್ಜಲ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಬೇಸಿಗೆಯಲ್ಲಿ ತೋಟಗಳ ಕೊಳವೆಬಾವಿಗಳು ಹಗಲಿರುಳು ನೀರೆತ್ತಿದರೆ ನೀರು ಸರಿಯುವ ದಿಕ್ಕೇ ಬದಲಾಗಬಹುದು. ಆದುದರಿಂದ ಅಚ್ಚುಕಟ್ಟಿನ ಊರುಗಳಲ್ಲಿ ಮೂರು ಋತುಗಳ ಜೊತೆಗೆ ನಾಲೆ ಹರಿಯುವ ಕಾಲ, ನಾಲೆ ನಿಂತ ಕಾಲ ಎಂಬುದನ್ನೂ ಪರೀಕ್ಷೆಯ ಚೀಟಿಯಲ್ಲಿ ಬರೆಯಬೇಕು.

ಮಾದರಿ ತೆಗೆಯುವುದರಲ್ಲಿ ತಪ್ಪಾದರೆ ಎಂತಹ ಪ್ರಯೋಗಾಲಯವೂ ಸತ್ಯವನ್ನು ಹೇಳಲಾರದು. ಕೊಳವೆಯಲ್ಲಿ ಬಹಳ ದಿನ ನಿಂತ ನೀರನ್ನು ಮೊದಲು ಹೊರಹಾಕಿ, ಹೊಸ ನೀರು ಬಂದ ಮೇಲೆ ತುಂಬಬೇಕು. ರಾಸಾಯನಿಕ ಪರೀಕ್ಷೆಯ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆಯಬೇಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯ ಕೊಟ್ಟ ಕ್ರಿಮಿಶುದ್ಧ ಬಾಟಲಿಯನ್ನು ಮಾತ್ರ ತೊಳೆಯದೆ, ಒಳಗೆ ಬೆರಳು ತಾಗಿಸದೆ ತುಂಬಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅಂದೇ ತಲುಪಿಸಬೇಕು. ದಿನಾಂಕ, ವೇಳೆ, ಬಾವಿಯ ಆಳ, ಕಡೆಯ ಮಳೆ ಬಂದ ದಿನ ಇವನ್ನು ಚೀಟಿಯಲ್ಲಿ ಬರೆಯಬೇಕು.

ಯಾವುದನ್ನು ಅಳೆಯಬೇಕು? ಕ್ಲೋರೈಡ್, ವಿದ್ಯುತ್ ವಾಹಕತೆ, ಅಮೋನಿಯಾ ಇವು ಮೊದಲ ದೂತರು. ಕ್ಲೋರೈಡ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ. ನೀರು ಎಷ್ಟು ವೇಗವಾಗಿ ಹೋಗುತ್ತದೆಯೋ ಅದೂ ಅಷ್ಟೇ ವೇಗವಾಗಿ ಹೋಗುತ್ತದೆ. ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳು ಜೇಡಿಮಣ್ಣಿಗೆ ಅಂಟಿಕೊಂಡು ತಡವಾಗಿ ಬರುತ್ತವೆ. ಕ್ಲೋರೈಡ್ ಏರಿತೆಂದರೆ ಹಿಂದೆ ಇನ್ನೇನು ಬರುತ್ತಿದೆಯೋ ನೋಡಬೇಕು ಎಂಬ ಎಚ್ಚರಿಕೆ ಅದು. ಕಬ್ಬಿಣ ಏರುವುದಕ್ಕೆ ಇನ್ನೊಂದು ಕಾರಣವೂ ಇದೆ: ಕಸದ ರಸ ಮಣ್ಣಿನೊಳಗಿನ ಆಮ್ಲಜನಕವನ್ನು ತಿಂದುಹಾಕಿದಾಗ ಮಣ್ಣಿನಲ್ಲಿಯೇ ಇದ್ದ ಕಬ್ಬಿಣ ಕರಗಿ ನೀರಿಗೆ ಬರುತ್ತದೆ.

ಹಳ್ಳ, ಕೆರೆಗಳನ್ನು ಅಳೆಯುವುದು

ಮೇಲೆ ಹರಿಯುವ ನೀರಿಗೂ ಅದೇ ಸೂತ್ರ. ಕಸದ ನೆಲೆಗಿಂತ ಮೇಲೆ ಹಳ್ಳದಲ್ಲಿ ಒಂದು ಮಾದರಿ, ರಸ ಸೇರುವ ಜಾಗದಲ್ಲಿ ಒಂದು, ಅದಕ್ಕಿಂತ ಕೆಳಗೆ ಒಂದು, ಕೆರೆಗೆ ನೀರು ಬೀಳುವ ಬಾಯಲ್ಲಿ ಒಂದು, ತೂಬಿನ ಬಳಿ ಒಂದು. ಕೊಂಡಜ್ಜಿಯಂತಹ ಕೆರೆಯಲ್ಲಿ ಗುಡ್ಡದ ಕಡೆಯಿಂದ ಬರುವ ಹಳ್ಳದ ನೀರನ್ನೂ ಊರು ಮತ್ತು ರಸ್ತೆಯ ಕಡೆಯಿಂದ ಬರುವ ನೀರನ್ನೂ ಬೇರೆ ಬೇರೆಯಾಗಿ ತೆಗೆದರೆ, ಯಾವ ಕಡೆಯಿಂದ ಏನು ಬರುತ್ತಿದೆ ಎಂಬುದು ತಿಳಿಯುತ್ತದೆ.

ಕಾಲ ಮುಖ್ಯ. ಮುಂಗಾರಿನ ಮೊದಲ ದೊಡ್ಡ ಮಳೆ ಬೇಸಿಗೆಯೆಲ್ಲ ಕಟ್ಟಿದ ಕೊಳೆಯನ್ನು ಒಮ್ಮೆಗೇ ತೊಳೆದು ತರುತ್ತದೆ. ಆ ದಿನದ ಮಾದರಿ ತಪ್ಪಿದರೆ ವರ್ಷದ ಅತಿ ಕೆಟ್ಟ ದಿನದ ದಾಖಲೆಯೇ ಇಲ್ಲದಂತಾಗುತ್ತದೆ. ಎರಡು ವಾರ ಬಿಟ್ಟು ತೆಗೆದ ಮಾದರಿ ಮಳೆನೀರು ಬೆರೆತು ತಿಳಿಯಾಗಿರುತ್ತದೆ.

ಕೆರೆಯಲ್ಲಿ ಕರಗಿದ ಆಮ್ಲಜನಕವನ್ನು ಅಳೆಯಬೇಕು. ಮೀನು ಬಾಳಬೇಕಾದರೆ ಲೀಟರಿಗೆ 4 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ. ಕೊಳೆಯನ್ನು ಅರಗಿಸುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ರಾತ್ರಿ ಪಾಚಿಯೂ ಅದನ್ನೇ ಉಸಿರಾಡುತ್ತದೆ. ಹೀಗಾಗಿ ಸೂರ್ಯೋದಯಕ್ಕೆ ಮುನ್ನ ಆಮ್ಲಜನಕ ಅತಿ ಕಡಿಮೆ. ಮೀನುಗಳು ಬೆಳಗಿನ ಹೊತ್ತಿಗೆ ಸತ್ತು ತೇಲುವುದಕ್ಕೆ ಇದೂ ಒಂದು ಕಾರಣ. ಮಧ್ಯಾಹ್ನದ ಬಿಸಿಲಿನಲ್ಲಿ ಅಳೆದು ಎಲ್ಲವೂ ಸರಿಯಿದೆ ಎಂದರೆ ಅದು ಅರ್ಧ ಸತ್ಯ ಮಾತ್ರ.

ಮಣ್ಣಿನೊಳಗಿನ ಅನಿಲ

ಗಾಳಿಯಾಡದ ಕಡೆ ಕಸ ಕೊಳೆತಾಗ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತವೆ. ಸಗಣಿ ಅನಿಲದ ಘಟಕ ಇರುವ ಮನೆಯವರಿಗೆ ಇದು ಹೊಸದಲ್ಲ. ಮೀಥೇನ್‌ಗೆ ವಾಸನೆ ಇಲ್ಲ. ಗಾಳಿಯಲ್ಲಿ ಅದು ಶೇಕಡ 5ರಿಂದ 15ರಷ್ಟು ಬೆರೆತಾಗ ಕಿಡಿ ತಾಗಿದರೆ ಸ್ಫೋಟವಾಗಬಲ್ಲದು. ಸುರಕ್ಷತೆಗಾಗಿ ನಿಯಮವು ಈ ಕೆಳಮಿತಿಯ ಕಾಲು ಭಾಗವನ್ನು, ಅಂದರೆ ಶೇಕಡ 1.25ನ್ನು ದಾಟಬಾರದೆಂದು ಹೇಳಿತು.

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಲಾಸ್ಕೋ ಎಂಬ ಹಳ್ಳಿಯಲ್ಲಿ 1986ರ ಮಾರ್ಚ್ ತಿಂಗಳಲ್ಲಿ ಒಂದು ಮನೆ ಸ್ಫೋಟಗೊಂಡು ನೆಲಸಮವಾಯಿತು. ಒಳಗಿದ್ದವರು ತೀವ್ರವಾಗಿ ಗಾಯಗೊಂಡರು. ಸಮೀಪದ ಹಳೆಯ ಭೂಭರ್ತಿಯಿಂದ ಅನಿಲವು ನೆಲದೊಳಗೆ ಸರಿದು ಆ ಮನೆಯ ಅಡಿಯಲ್ಲಿ ಸೇರಿಕೊಂಡಿತ್ತು. ಆ ರಾತ್ರಿ ವಾಯುಭಾರ ವೇಗವಾಗಿ ಕುಸಿದಿತ್ತು. ಮೇಲಿನ ಗಾಳಿಯ ಒತ್ತಡ ತಗ್ಗಿದಾಗ ಮಣ್ಣಿನೊಳಗಿನ ಅನಿಲ ಹೊರನುಗ್ಗುತ್ತದೆ. ಈ ಘಟನೆಯ ನಂತರ ಭೂಭರ್ತಿಯ ಅನಿಲವನ್ನು ಅಳೆಯುವ ಕ್ರಮ ಅಲ್ಲಿ ಬಿಗಿಯಾಯಿತು.

ನಮ್ಮ ಎರೆಭೂಮಿಗೆ ಇದನ್ನು ಅನ್ವಯಿಸಿ ನೋಡಬೇಕು. ಬೇಸಿಗೆಯಲ್ಲಿ ಎರೆಮಣ್ಣು ಬಿರುಕು ಬಿಡುತ್ತದೆ. ಅನಿಲ ಬಿರುಕುಗಳಲ್ಲಿ ಮೇಲೆ ಬಂದು ಗಾಳಿಯಲ್ಲಿ ಹರಡಿಹೋಗುತ್ತದೆ. ಮಳೆ ಬಿದ್ದಾಗ ಅದೇ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆಗ ಮೇಲಿನ ದಾರಿ ಕಟ್ಟಿದ ಅನಿಲ ಪಕ್ಕಕ್ಕೆ ಸರಿಯಬಹುದು. ಮಳೆಗಾಲದಲ್ಲಿ ಮೋಡ ಕವಿದು ವಾಯುಭಾರ ಇಳಿದ ದಿನಗಳಲ್ಲಿಯೇ ಅಳತೆ ಅಗತ್ಯವಾಗುವುದು ಇದರಿಂದ. ಘಟಕದ ಅಂಚಿನಲ್ಲಿ ರಂಧ್ರಗಳಿರುವ ಕೊಳವೆಗಳನ್ನು ನೆಲಕ್ಕಿಳಿಸಿ, ಮೇಲೆ ಮುಚ್ಚಳ ಹಾಕಿ, ಮಾಪಕದಿಂದ ಮೀಥೇನ್, ಇಂಗಾಲದ ಡೈಆಕ್ಸೈಡ್, ಆಮ್ಲಜನಕಗಳನ್ನು ಅಳೆಯುತ್ತಾರೆ. ಇದು ತರಬೇತಿ ಪಡೆದವರ ಕೆಲಸ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಸಾಹಸವನ್ನು ಯಾರೂ ಮಾಡಬಾರದು.

ರೈತರು ಗಮನಿಸಬಹುದಾದ ಗುರುತುಗಳಿವೆ. ಕಸದ ನೆಲೆಯ ಅಂಚಿನ ಹೊಲದಲ್ಲಿ ಬೆಳೆ ಮಚ್ಚೆ ಮಚ್ಚೆಯಾಗಿ ಒಣಗುವುದು, ಮಳೆನೀರು ನಿಂತ ಗುಂಡಿಯಲ್ಲಿ ಗುಳ್ಳೆಗಳು ಏಳುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಇವು ವಿಚಾರಿಸಬೇಕಾದ ಸಂಗತಿಗಳು. ಬೇರಿಗೆ ಆಮ್ಲಜನಕ ಸಿಗದಿದ್ದಾಗ ನೀರಿದ್ದರೂ ಗಿಡ ಸಾಯುತ್ತದೆ. ಇನ್ನೊಂದು ಎಚ್ಚರಿಕೆ ಪ್ರಾಣಕ್ಕೆ ಸಂಬಂಧಿಸಿದ್ದು: ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಹಾಳು ಬಾವಿ, ಗುಂಡಿಗಳ ತಳದಲ್ಲಿ ನಿಲ್ಲುತ್ತದೆ. ಅಂತಹ ಬಾವಿಗೆ ಪರೀಕ್ಷಿಸದೆ ಇಳಿಯಬಾರದು. ಇಳಿದವರು ಕುಸಿದರೆ ಅವರನ್ನೆತ್ತಲು ಇನ್ನೊಬ್ಬರು ಹಾಗೆಯೇ ಇಳಿಯಬಾರದು. ಅಗ್ನಿಶಾಮಕ ದಳವನ್ನು ಕರೆಯಬೇಕು.

ವರದಿಯನ್ನು ಓದುವ ಬಗೆ

ಈ ಪಾಠದ ಮುಖ್ಯ ಭಾಗ ಇದು. ಒಂದು ಕಲ್ಪಿತ ಉದಾಹರಣೆ ನೋಡೋಣ. ಮೇಲ್ಬದಿಯ ಬಾವಿಯಲ್ಲಿ ಕ್ಲೋರೈಡ್ ಲೀಟರಿಗೆ 60 ಮಿಲಿಗ್ರಾಂ, ಕೆಳಬದಿಯ ಬಾವಿಯಲ್ಲಿ 190 ಮಿಲಿಗ್ರಾಂ ಇದೆ ಎನ್ನೋಣ. ಕುಡಿಯುವ ನೀರಿನ ಭಾರತೀಯ ಮಾನಕದ ಸ್ವೀಕಾರಾರ್ಹ ಮಿತಿ 250. ಎರಡೂ ಮಿತಿಯೊಳಗಿವೆ. ಮಿತಿಯೊಳಗಿದೆ ಎಂದು ವರದಿ ಬರುತ್ತದೆ, ಊರು ನೆಮ್ಮದಿಯಿಂದ ಮಲಗುತ್ತದೆ. ಆದರೆ ಕಸದ ನೆಲೆಯನ್ನು ದಾಟುವಷ್ಟರಲ್ಲಿ ಕ್ಲೋರೈಡ್ ಮೂರು ಪಟ್ಟು ಏರಿದೆ. ಹಿಂದಿನ ವರ್ಷ ಕೆಳಬದಿಯಲ್ಲಿ 110 ಇತ್ತು ಎಂದಾದರೆ ಏರಿಕೆ ನಡೆಯುತ್ತಲೇ ಇದೆ ಎಂದರ್ಥ. ಮಿತಿ ದಾಟುವವರೆಗೆ ಕಾಯುವುದು, ಮಾಳಿಗೆಗೆ ಬೆಂಕಿ ತಾಗುವವರೆಗೆ ಹೊಗೆಯನ್ನು ನೋಡುತ್ತ ಕುಳಿತಂತೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಎರಡು ಬಾವಿಗಳಲ್ಲಿಯೂ ನೈಟ್ರೇಟ್ 80 ಮಿಲಿಗ್ರಾಂ ಇದೆ ಎನ್ನೋಣ. ಮಿತಿ 45. ನೀರು ಕೆಟ್ಟಿದೆ, ಆದರೆ ಆ ದೋಷವನ್ನು ಕಸದ ನೆಲೆಯ ಮೇಲೆ ಹೊರಿಸುವಂತಿಲ್ಲ. ಮೇಲ್ಬದಿಯಲ್ಲಿಯೂ ಅಷ್ಟೇ ಇದೆ. ಯೂರಿಯಾ ಹೆಚ್ಚಾಗಿ ಬಳಸಿದ ಗದ್ದೆ, ಶೌಚಗುಂಡಿ, ತಿಪ್ಪೆ ಇವುಗಳನ್ನು ವಿಚಾರಿಸಬೇಕು. ಹಾಗೆಯೇ ಫ್ಲೋರೈಡ್ ಹೆಚ್ಚಾಗಿದ್ದರೆ ಅದು ಬಹುಮಟ್ಟಿಗೆ ಬಂಡೆಯಿಂದಲೇ ಬಂದದ್ದು. ಕಾರಣವನ್ನು ತಪ್ಪಾಗಿ ಗುರುತಿಸಿದರೆ ಹೋರಾಟವೂ ಸೋಲುತ್ತದೆ, ರೋಗವೂ ಉಳಿಯುತ್ತದೆ.

ಆದುದರಿಂದ ವರದಿ ಕೈಗೆ ಬಂದಾಗ ಮೂರು ಹೋಲಿಕೆಗಳನ್ನು ಮಾಡಬೇಕು: ಮೇಲ್ಬದಿಗೂ ಕೆಳಬದಿಗೂ, ಒಂದು ಋತುವಿಗೂ ಮತ್ತೊಂದಕ್ಕೂ, ಅಂದಿಗೂ ಇಂದಿಗೂ. ಒಂಟಿ ಅಂಕಿ ಬಹಳ ಕಡಿಮೆ ಮಾತಾಡುತ್ತದೆ.

ಮನೆಯ ಆರೋಗ್ಯ

ನೀರಿನ ದೋಷ ತಿಳಿದಾಗ ಹೆಚ್ಚಿನವರು ಕೇಳುವ ಪ್ರಶ್ನೆ, ಕುದಿಸಿ ಕುಡಿದರೆ ಸಾಲದೇ ಎಂಬುದು. ವಾಂತಿಭೇದಿ, ಟೈಫಾಯಿಡ್ ತರುವ ರೋಗಾಣುಗಳು ಕುದಿಸಿದರೆ ಸಾಯುತ್ತವೆ. ನೈಟ್ರೇಟ್, ಕ್ಲೋರೈಡ್, ಸೀಸ, ಕ್ಯಾಡ್ಮಿಯಂ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದಾಗಲಿ, ಸಾಧಾರಣ ಇದ್ದಿಲಿನ ಫಿಲ್ಟರಾಗಲಿ ನೈಟ್ರೇಟನ್ನು ತೆಗೆಯಲಾರವು. ಆರ್.ಒ. ಘಟಕ ಅದನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಆದರೆ ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು, ಹೊರಬರುವ ನೀರನ್ನೂ ಪರೀಕ್ಷಿಸಬೇಕು.

ಆರು ತಿಂಗಳೊಳಗಿನ ಕೂಸುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಕೂಸಿನ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳಬಹುದು. ತುಟಿ, ಉಗುರು, ಚರ್ಮ ನೀಲಿಗಟ್ಟುತ್ತವೆ. ಹೀಗೆ ಕಂಡರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೊದಲ ಆರು ತಿಂಗಳು ತಾಯಿಯ ಹಾಲನ್ನಷ್ಟೇ ಕೊಡಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇಲ್ಲಿಯೂ ದೊಡ್ಡ ರಕ್ಷಣೆ. ಮನೆಯ ಹಿರಿಯರು ಬಾಣಂತಿಗೆ ಈ ವಿಷಯದಲ್ಲಿ ಬೆಂಬಲವಾಗಿ ನಿಲ್ಲಬೇಕು.

ಸೀಸ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೂ, ಕ್ಯಾಡ್ಮಿಯಂ ಮೂತ್ರಪಿಂಡವನ್ನೂ ನಿಧಾನವಾಗಿ ಕೆಡಿಸುತ್ತವೆ. ಇವು ಒಂದು ದಿನದಲ್ಲಿ ಲಕ್ಷಣ ತೋರುವುದಿಲ್ಲ. ಹಾಗೆಂದು ಕಸದ ನೆಲೆಯ ಬಳಿಯ ಪ್ರತಿ ಕಾಯಿಲೆಗೂ ಅದೇ ಕಾರಣವೆಂದು ಭಯಪಡಬೇಕಾಗಿಯೂ ಇಲ್ಲ. ವೈದ್ಯರ ಬಳಿ ಹೋದಾಗ ಯಾವ ನೀರು ಕುಡಿಯುತ್ತೇವೆ ಎಂಬುದನ್ನೂ ತಿಳಿಸಬೇಕು. ಪರೀಕ್ಷೆಯ ವರದಿ ಇದ್ದರೆ ತೋರಿಸಬೇಕು. ದನಕರುಗಳನ್ನು ಮರೆಯಬಾರದು. ಮನೆಯವರು ಶುದ್ಧೀಕರಿಸಿದ ನೀರನ್ನು ತಂದು ಕುಡಿದು, ಹಸುವಿಗೆ ಹಳ್ಳದ ನೀರನ್ನೇ ಕುಡಿಸಿದರೆ ದೋಷ ಹೊರಗೆ ಹೋಗಿಲ್ಲ.

ಊರು ಮಾಡಬೇಕಾದ ಕೆಲಸ

ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರಿಗೆ, ಅದರಲ್ಲಿಯೂ ಮಹಿಳೆಯರಿಗೆ, ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆಯಿದೆ. ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಗಡಸುತನ, ಕಬ್ಬಿಣ ಇವನ್ನು ಕಿಟ್‌ನಲ್ಲಿ ನೋಡಬಹುದು. ಸೀಸ, ಕ್ಯಾಡ್ಮಿಯಂಗಳಿಗೆ ಪ್ರಯೋಗಾಲಯವೇ ಬೇಕು. ಜಿಲ್ಲೆಯ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯಲ್ಲಿ ವಿಚಾರಿಸಬೇಕು. ಘಟಕದ ನಿಗಾ ವರದಿಗಳನ್ನು ಸ್ಥಳೀಯ ಸಂಸ್ಥೆಯಿಂದ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾವ ನಾಗರಿಕರಾದರೂ ಕೇಳಿ ಪಡೆಯಬಹುದು.

ವರದಿ ಕೇಳುವಾಗ ಈ ಪ್ರಶ್ನೆಗಳಿಗೆ ಉತ್ತರ ಬೇಕು:

1. ಕಸ ಹಾಕುವ ಮುನ್ನಿನ ಅಳತೆ ಎಲ್ಲಿದೆ?
2. ಮೇಲ್ಬದಿಯ ಬಾವಿ ಯಾವುದು, ಕೆಳಬದಿಯ ಬಾವಿಗಳು ಯಾವುವು?
3. ಮೂರು ಋತುಗಳಲ್ಲಿಯೂ ಮಾದರಿ ತೆಗೆದಿದ್ದಾರೆಯೇ? ಮೊದಲ ಮಳೆಯ ಮಾದರಿ ಇದೆಯೇ?
4. ಅಮೋನಿಯಾ ಮತ್ತು ಲೋಹಗಳನ್ನು ಅಳೆದಿದ್ದಾರೆಯೇ?
5. ಅಂಚಿನ ಮೀಥೇನ್ ಅಳತೆ ಎಷ್ಟು, ಯಾವ ದಿನ, ಯಾವ ಹವಾಮಾನದಲ್ಲಿ?

ಶಾಲೆಯ ಒಂದು ಪುಸ್ತಕದಲ್ಲಿ ಊರಿನ ಪ್ರತಿ ಬಾವಿಗೂ ಒಂದು ಪುಟ ಇಟ್ಟು, ವರ್ಷಕ್ಕೆ ಮೂರು ಸಲ ಬರೆದರೆ ಹತ್ತು ವರ್ಷದ ನಂತರ ಅದು ಊರಿನ ಆಸ್ತಿಯಾಗುತ್ತದೆ. ಗ್ರಾಮಸಭೆಯಲ್ಲಿ ನೂರು ಜನ ಕೂಗಿ ಹೇಳಿದ್ದಕ್ಕಿಂತ ಆ ಪುಸ್ತಕದ ಒಂದು ಪುಟಕ್ಕೆ ಹೆಚ್ಚು ಬೆಲೆ ಬರುವ ದಿನ ಬರಬಹುದು.

ನಗರದಲ್ಲಿರುವ ಭಕ್ತರಿಗೂ ಒಂದು ಮಾತು. ಹಸಿ ಕಸವನ್ನು ಬೇರೆ ಮಾಡಿ ಗೊಬ್ಬರವಾಗಿಸಿದರೆ ಕಸದ ರಸವೂ ಮೀಥೇನ್ ಕೂಡ ಹುಟ್ಟುವಲ್ಲಿಯೇ ತಗ್ಗುತ್ತವೆ. ಬ್ಯಾಟರಿ, ಬಲ್ಬು, ಔಷಧಗಳನ್ನು ಬೇರೆಯಾಗಿ ಕೊಟ್ಟರೆ ಲೋಹಗಳು ಭೂಭರ್ತಿಗೆ ಹೋಗುವುದಿಲ್ಲ. ಜಾತ್ರೆ, ದಾಸೋಹಗಳಲ್ಲಿ ಪ್ಲಾಸ್ಟಿಕ್ ಲೋಟದ ಬದಲು ತೊಳೆದು ಬಳಸುವ ಸ್ಟೀಲ್ ಲೋಟ ಇಟ್ಟರೆ ಒಂದು ದಿನದ ಪ್ರಸಾದದಿಂದ ಮುಂದಿನೂರಿನ ಬಾವಿಗೆ ತೊಂದರೆಯಾಗುವುದಿಲ್ಲ. ದಾಸೋಹದ ಅನ್ನ ಉಂಡವರ ಎಂಜಲೆಲೆ ಯಾರ ಊರಿಗೆ ಹೋಗುತ್ತದೆ ಎಂದು ಕೇಳಿಕೊಳ್ಳುವುದೂ ದಾಸೋಹದ ಭಾಗವೇ.

ಈ ಮುಂಗಾರಿಗೆ ಮುನ್ನ ತಮ್ಮ ಮನೆಯ, ತಮ್ಮ ಓಣಿಯ ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷಿಸಿ, ದಿನಾಂಕ ಸಹಿತ ಬರೆದಿಡಬೇಕೆಂದು ಪ್ರಾರ್ಥನೆ. ಮಳೆ ನಿಂತ ಮೇಲೆ ಮತ್ತೊಮ್ಮೆ ಅಳೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ.